ಕೀ ಕೊಡುವ ಹಳೇ ಟೈಂಪೀಸ್: 650 ರೂಪಾಯಿ, ನಾಲ್ಕು ತಿಂಗಳು, ಮೂರೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಸಾಮಾನಲ್ಲ. ದಾವಣಗೆರೆಯ ಅಶೋಕ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ವಾಚ್ ರಿಪೇರಿ ಮಾಡುವ ಯಜಮಾನರೊಬ್ಬರಿದ್ದಾರೆ. ಅಂಗಡಿ ಅಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಟ್ಯೂಬ್‌ಲೈಟ್, ಗೋಡೆ ತುಂಬ ನಿಂತುಹೋದ ಗಡಿಯಾರಗಳು, ಅಷ್ಟೇ. ನವೆಂಬರ್ ಕೊನೆಯಲ್ಲಿ ನನ್ನ ವಾಚಿಗೆ ಸೆಲ್ ಹಾಕಿಸಲು ಹೋಗಿದ್ದೆ. ಮೂಲೆಯಲ್ಲಿ ತಲೆ ಮೇಲೆ ಎರಡು ಗಂಟೆ ಹೊತ್ತುಕೊಂಡು ಒಂದು ಟೈಂಪೀಸ್ ಕೂತಿತ್ತು. ಇದು ನಡೀತೈತೇನ್ರಿ ಎಂದು ಸುಮ್ನೆ ಕೇಳಿದೆ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಅವರು, "ನಡೀತೈತಿ ಸರ್. ದಿನಾ ಕೀ ಕೊಡೋರಾದ್ರೆ ಒಯ್ರಿ, ಇಲ್ಲಾಂದ್ರೆ ಬ್ಯಾಡ" ಎಂದರು. ಮಾರುವವರು ಹೀಗೆ ಮಾತಾಡಿದ್ದನ್ನು ಕೇಳಿ ಎಷ್ಟೋ ವರ್ಷವಾಗಿತ್ತು. 800 ಹೇಳಿದರು, 650ಕ್ಕೆ ಕೊಟ್ಟರು. ಆರು ತಿಂಗಳೊಳಗೆ ನಿಂತರೆ ತಂದುಕೊಡಿ ಎಂದರು. ಬಿಲ್ಲು ಗಿಲ್ಲು ಏನೂ ಇಲ್ಲ, ಒಂದು ಹಳೇ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. ಕಂಪನಿ ಯಾವುದು ಎಂದು ಕೇಳಬೇಡಿ, ಡಯಲ್ ಮೇಲಿನ ಹೆಸರು ಅರ್ಧ ಅಳಿಸಿಹೋಗಿದೆ.

ಯಾಕೆ ತಗೊಂಡೆ ಅನ್ನುವುದನ್ನೂ ಹೇಳಬೇಕು. ನಾನು ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವವನು. ರಾತ್ರಿ ಒಂಬತ್ತಕ್ಕೆ ಮನೆ, ಊಟ, ಆಮೇಲೆ ಹನ್ನೆರಡೂವರೆವರೆಗೆ ಫೋನು. ಬೆಳಿಗ್ಗೆ ಏಳೂಕಾಲಿಗೆ ಎದ್ದು ಓಡುವುದು. ಹೋದ ವರ್ಷ ದೀಪಾವಳಿ ಆದಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಗಡಿ ಮೇಲೆ ಬಂದು ನಿಂತಿತ್ತು. ಡಾಕ್ಟರು ಮಾತ್ರೆ ಬರೆಯಲಿಲ್ಲ, ದಿನಾ ಮುಕ್ಕಾಲು ಗಂಟೆ ನಡೀರಿ, ಮೂರು ತಿಂಗಳು ಬಿಟ್ಟು ನೋಡೋಣ ಅಂದರು. ನನಗೆ ಸಂಜೆ ಅನ್ನುವುದೇ ಇಲ್ಲ. ಹಾಗಾಗಿ ಉಳಿದದ್ದು ಬೆಳಗಿನ ಜಾವ. ಐದೂವರೆಗೆ ಏಳಬೇಕು, ಸ್ಕೂಟರ್ ಹತ್ತಿ ಕುಂದವಾಡ ಕೆರೆಗೆ ಹೋಗಬೇಕು. ಬರೆಯುವುದು ಎಷ್ಟು ಸುಲಭ ನೋಡಿ.

ಟೈಂಪೀಸಿಗೆ ಮುಂಚೆ ಫೋನಿನಲ್ಲಿ ಒಂದು ಅಲಾರಾಂ ಆ್ಯಪ್ ಹಾಕಿಕೊಂಡಿದ್ದೆ, ಹೆಸರು ಬೇಡ. ಲೆಕ್ಕ ಬಿಡಿಸಿದರೆ ಮಾತ್ರ ಅದು ಬಾಯಿ ಮುಚ್ಚುತ್ತದೆ. ಸ್ನೇಹಿತನಿಗೆ ಅದರಿಂದ ಬಹಳ ಉಪಯೋಗವಾಗಿತ್ತಂತೆ. ಆದರೆ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುವವನಿಗೆ ಲೆಕ್ಕ ಕೊಟ್ಟು ಎಬ್ಬಿಸುತ್ತೇನೆ ಅಂದರೆ ಹೇಗೆ? ಹದಿನೇಳಾರ್ಲೆ ನೂರಾ ಎರಡು ಅಂತ ನಿದ್ದೆಯಲ್ಲೇ ಒತ್ತಿ ಮಗ್ಗುಲು ಬದಲಿಸುತ್ತಿದ್ದೆ. ಎದ್ದಮೇಲೆ ನೆನಪೇ ಇರುತ್ತಿರಲಿಲ್ಲ. ಸರಿ, ಅದರಲ್ಲೇ ಇನ್ನೊಂದು ದಾರಿ ಇತ್ತು, ಬಚ್ಚಲಮನೆಯ ನಲ್ಲಿಯ ಫೋಟೋ ತೆಗೆದರೆ ನಿಲ್ಲುವುದು. ಅದನ್ನು ಇಟ್ಟೆ. ಮೂರನೇ ದಿನ ಬಚ್ಚಲಲ್ಲಿ ಹೆಂಡತಿ ಇದ್ದಳು, ಹೊರಗೆ ನಾನು ಕೂಗುತ್ತಿರುವ ಫೋನು ಹಿಡಿದು ಬಾಗಿಲು ಬಡಿಯುತ್ತಿದ್ದೆ, ಮೇಲಿನ ಮನೆಯವರು ಏನಾಯಿತೋ ಅಂತ ಇಳಿದು ಬಂದರು. ಅವತ್ತೇ ತೆಗೆದುಹಾಕಿದೆ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಫೋನು ತಾನೇ ಆ್ಯಪನ್ನು ಮಲಗಿಸಿಬಿಡುವುದು ಬೇರೆ. ನನ್ನನ್ನು ಎಬ್ಬಿಸಬೇಕಾದದ್ದೇ ಗೊರಕೆ ಹೊಡೆಯುತ್ತಿತ್ತು.

ಫೋನಿನ ಮಾಮೂಲಿ ಅಲಾರಾಮಿನ ದೊಡ್ಡ ರೋಗ ಸ್ನೂಜ್. ಇದು ಮೊಬೈಲ್ ಕಾಲದ್ದಲ್ಲ, 1956ರಲ್ಲೇ ಅಮೆರಿಕದಲ್ಲಿ ಸ್ನೂಜ್ ಗುಂಡಿ ಇರುವ ಗಡಿಯಾರ ಮಾರಾಟಕ್ಕೆ ಬಂದಿತ್ತು. ಈಗಲೂ ಎಷ್ಟೋ ಫೋನುಗಳಲ್ಲಿ ಅದು ಒಂಬತ್ತು ನಿಮಿಷಕ್ಕೇ ಇದೆ. ಒಂಬತ್ತು ನಿಮಿಷದಲ್ಲಿ ಯಾರಿಗೆ ಏನು ನಿದ್ದೆ ಬರುತ್ತದೆ ಹೇಳಿ. ನಾನು ಐದು ಸಲ ಒತ್ತುತ್ತಿದ್ದೆ. ಅಂದರೆ ಮುಕ್ಕಾಲು ಗಂಟೆ. ಕೆರೆ ಸುತ್ತಬೇಕಾಗಿದ್ದ ಅದೇ ಮುಕ್ಕಾಲು ಗಂಟೆ!

ಈಗ ಟೈಂಪೀಸ್ ವಿಷಯಕ್ಕೆ ಬರೋಣ. ಇದರಲ್ಲಿ ಸ್ನೂಜ್ ಇಲ್ಲ. ಸೆಲ್ಲೂ ಇಲ್ಲ. ಹಿಂದೆ ಎರಡು ಕೀ ಇವೆ. ಒಂದು ಗಡಿಯಾರ ನಡೆಯುವುದಕ್ಕೆ, ಇನ್ನೊಂದು ಗಂಟೆ ಹೊಡೆಯುವುದಕ್ಕೆ. ಎರಡಕ್ಕೂ ಬೇರೆ ಬೇರೆ ಸ್ಪ್ರಿಂಗ್. ಒಮ್ಮೆ ಪೂರ್ತಿ ಕೀ ಕೊಟ್ಟರೆ ಒಂದು ದಿನ ಒಂದು ರಾತ್ರಿ ನಡೆದು ಇನ್ನೂ ಸ್ವಲ್ಪ ಮಿಗುತ್ತದೆ. ಹೊತ್ತಾದಾಗ ನಡುವಿನ ಸಣ್ಣ ಸುತ್ತಿಗೆ ಎರಡು ಗಂಟೆಗಳ ಮಧ್ಯೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತದೆ. ಸದ್ದು ಹೇಗಿದೆ ಅಂದರೆ, ನಮ್ಮ ಅಪ್ಪ ಕಾಟನ್ ಮಿಲ್ಲಿಗೆ ಹೋಗುತ್ತಿದ್ದ ಕಾಲದ ಮಿಲ್ಲಿನ ಸೈರನ್ ನೆನಪಾಯಿತು ಎಂದು ಅವ್ವ ಹೇಳಿದಳು. ಆ ಸೈರನ್ನಿಗೆ ಇಡೀ ಓಣಿ ಏಳುತ್ತಿತ್ತಂತೆ. ಕಬ್ಬಿಣದ ಬೀರುವಿನ ಮೇಲೆ ಇಟ್ಟರೆ ಬೀರುವೂ ಸೇರಿ ಕೂಗುತ್ತದೆ. ಇನ್ನೂ ಬೇಕು ಅನ್ನುವವರು ಸ್ಟೀಲ್ ತಟ್ಟೆಯಲ್ಲಿ ಇಡಿ, ಹಾಸ್ಟೆಲಿನಲ್ಲಿ ಓದಿದವರಿಗೆ ಈ ಉಪಾಯ ಗೊತ್ತಿರುತ್ತದೆ.

ಸದ್ದಿಗೆ ಐದಕ್ಕೆ ಐದು. ನಿಖರತೆಗೆ ಮಾತ್ರ ಎರಡು. ಅಲಾರಾಂ ಮುಳ್ಳು ಸಣ್ಣದು, ಅದರ ವೃತ್ತವೂ ಸಣ್ಣದು. ಐದೂವರೆಗೆ ಇಟ್ಟರೆ ಒಂದು ದಿನ 5.23ಕ್ಕೆ, ಇನ್ನೊಂದು ದಿನ 5.38ಕ್ಕೆ ಹೊಡೆಯುತ್ತದೆ. ರೈಲು ಹಿಡಿಯುವವರು ಇದನ್ನು ನಂಬಿ ಮಲಗಬೇಡಿ. ಗಡಿಯಾರವೂ ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತಿತ್ತು. ಹಿಂದೆ ಎಸ್, ಎಫ್ ಎಂದು ಬರೆದಿರುವ ಒಂದು ಸಣ್ಣ ಕಡ್ಡಿ ಇದೆ, ಅದನ್ನು ಕೂದಲೆಳೆಯಷ್ಟು ಎಸ್ ಕಡೆ ತಳ್ಳಿದರೆ ನಿಧಾನವಾಗುತ್ತದೆ. ನಾನು ಜಾಸ್ತಿ ತಳ್ಳಿದೆ. ಮರುದಿನ ಹದಿನೈದು ನಿಮಿಷ ಹಿಂದೆ. ಮತ್ತೆ ತಳ್ಳಿದೆ, ಮತ್ತೆ ಮುಂದೆ. ಹತ್ತು ದಿನ ಇದೇ ಆಯಿತು. ಕೊನೆಗೆ ಯಜಮಾನರ ಹತ್ತಿರ ಒಯ್ದೆ, ಅವರು ಒಂದೇ ಸಲ ಮುಟ್ಟಿ ಸರಿಮಾಡಿ, ದುಡ್ಡು ಬೇಡ ಎಂದರು.

ಇನ್ನೊಂದು ಮುಖ್ಯ ವಿಷಯ. ಇದು ಹನ್ನೆರಡು ಗಂಟೆಯ ಡಯಲ್. ಬೆಳಗಿನ ಐದೂವರೆ, ಸಂಜೆ ಐದೂವರೆ ಎರಡೂ ಇದಕ್ಕೆ ಒಂದೇ. ಗೊತ್ತಿಲ್ಲದೆ ಮೊದಲ ಭಾನುವಾರ ಹುರುಪಿನಲ್ಲಿ ಮಧ್ಯಾಹ್ನ ಮೂರಕ್ಕೇ ಎರಡೂ ಕೀ ಕೊಟ್ಟಿಟ್ಟೆ. ಸಂಜೆ ತಂಗಿಯ ಗಂಡನ ಮನೆ ಕಡೆಯವರು ಬಂದಿದ್ದರು, ಮಂಡಕ್ಕಿ ಮಿರ್ಚಿ ತಟ್ಟೆ ಆಗಷ್ಟೇ ಕೈಗೆ ಬಂದಿತ್ತು, ಒಳಗಿನ ಕೋಣೆಯಿಂದ ಶುರುವಾಯಿತು ನೋಡಿ. ಬೀಗರ ಕೈಯಿಂದ ಮಿರ್ಚಿ ಕೆಳಗೆ. ನಾನು ಓಡಿಹೋಗಿ ಯಾವ ಗುಂಡಿ ಎಂದು ಹುಡುಕುವಷ್ಟರಲ್ಲಿ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡು ತಾನೇ ಸುಮ್ಮನಾಗಿತ್ತು. ಬೆಳಿಗ್ಗೆ ಹೊಡೆಯಲೇ ಇಲ್ಲ. ಹೊಡೆಯಲು ಒಳಗೆ ಏನೂ ಉಳಿದಿರಲಿಲ್ಲ. ಹಾಗಾಗಿ ನೆನಪಿಡಿ, ಅಲಾರಾಂ ಕೀ ಕೊಡುವುದು ಸಂಜೆ ಕಳೆದಮೇಲೆ, ರಾತ್ರಿಯೇ.

ಈ ರಾತ್ರಿ ಕೀ ಕೊಡುವುದೇ ನನಗೆ ಕೆಲಸಕ್ಕೆ ಬಂದದ್ದು. ಈ ಗಡಿಯಾರ ನನ್ನನ್ನು ಎಬ್ಬಿಸಿದ್ದಕ್ಕಿಂತ ಹೆಚ್ಚಾಗಿ ಮಲಗಿಸಿತು.

ಯಜಮಾನರು ಕೊಡುವಾಗಲೇ ಹೇಳಿದ್ದರು, ದಿನಾ ಒಂದೇ ಹೊತ್ತಿಗೆ ಕೀ ಕೊಡ್ರಿ, ಇಲ್ಲಾಂದ್ರೆ ಟೈಮು ಹಿಂದು ಮುಂದು ಆಗ್ತೈತಿ ಅಂತ. ಅಪ್ಪನೂ ತನ್ನ ಎಚ್‌ಎಂಟಿ ವಾಚಿಗೆ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಕೀ ಕೊಡುತ್ತಿದ್ದರು, ಮರೆತದ್ದನ್ನು ನಾನು ನೋಡಿಲ್ಲ. ನನಗೆ ಅಷ್ಟು ನಿಯತ್ತಿಲ್ಲ. ಆದರೆ ನಾಲ್ಕನೇ ಕ್ಲಾಸಿನ ಮಗನಿಗೆ ಈ ಕೀ ತಿರುಗಿಸುವ ಹುಚ್ಚು ಹಿಡಿಯಿತು. ಕಿರ್ ಕಿರ್ ಅಂತ ತಿರುಗಿಸಬೇಕು, ಗಟ್ಟಿಯಾದ ತಕ್ಷಣ ನಿಲ್ಲಿಸಬೇಕು, ಮುಳ್ಳು ನೋಡಬೇಕು. ಅವನು ಮಲಗುವುದು ಒಂಬತ್ತೂವರೆಗೆ. ಹಾಗಾಗಿ ಕೀ ಕೊಡುವ ಹೊತ್ತೂ ಒಂಬತ್ತೂವರೆಯೇ ಆಯಿತು. "ಅಪ್ಪಾ, ಕೀ ಟೈಮ್" ಎಂದು ಬಂದು ನಿಲ್ಲುತ್ತಾನೆ. ಅಷ್ಟರೊಳಗೆ ನನ್ನ ಊಟ ಆಗಿರಬೇಕು. ಕೀ ಕೊಟ್ಟಮೇಲೆ ದೀಪ ಆರಬೇಕು, ಇಲ್ಲದಿದ್ದರೆ ಅವನು ಮಲಗುವುದಿಲ್ಲ. ಫೋನು ನಡುಮನೆಯಲ್ಲಿ ಚಾರ್ಜಿಗೆ. ಅಲಾರಾಂ ಬೇರೆ ಇದೆಯಲ್ಲ, ಇನ್ನು ತಲೆದಿಂಬಿನ ಹತ್ತಿರ ಫೋನಿಗೇನು ಕೆಲಸ? ಮೊದಲ ವಾರ ಹತ್ತೂವರೆವರೆಗೆ ಛಾವಣಿ ನೋಡುತ್ತ ಬಿದ್ದಿರುತ್ತಿದ್ದೆ, ಕೈ ತಾನೇ ತಾನಾಗಿ ದಿಂಬಿನ ಕೆಳಗೆ ಹೋಗಿ ತಡಕುತ್ತಿತ್ತು. ಈಗ ಹತ್ತೂಕಾಲಿಗೆಲ್ಲ ನಿದ್ದೆ.

ದೊಡ್ಡವರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು ಎಂದು 2015ರಲ್ಲೇ ಅಮೆರಿಕದ ನಿದ್ರಾ ತಜ್ಞರ ಸಂಘಗಳು ಒಟ್ಟಾಗಿ ಹೇಳಿವೆ. ಆ್ಯಪ್ ಹಾಕಿಕೊಂಡ ಕಾಲದಲ್ಲಿ ನಾನು ಮಾಡುತ್ತಿದ್ದದ್ದು ಹನ್ನೆರಡೂವರೆಗೆ ಮಲಗಿ ಐದೂವರೆಗೆ ಅಲಾರಾಂ. ಐದು ಗಂಟೆ ನಿದ್ದೆ. ಎದ್ದ ಒಂದೆರಡು ದಿನವೂ ಮಧ್ಯಾಹ್ನ ಖಾತೆ ಪುಸ್ತಕದ ಮೇಲೆ ತೂಕಡಿಸಿ, ಒಂದು ಸಲ ಜಮಾ ಬದಿಗೆ ಬರೆಯುವುದನ್ನು ಖರ್ಚಿನ ಬದಿಗೆ ಬರೆದು ಸಾವ್ಕಾರರಿಂದ ಬೈಸಿಕೊಂಡೆ. ಅದು ಅಲಾರಾಮಿನ ತಪ್ಪಲ್ಲ, ಕೂಡಿ ಕಳೆಯುವುದರಲ್ಲೇ ತಪ್ಪಿತ್ತು. ಲೆಕ್ಕದವನಿಗೇ ಅದು ಹೊಳೆಯಲಿಲ್ಲ ಅನ್ನುವುದು ನಾಚಿಕೆ.

ಏಳೂಕಾಲಿನಿಂದ ಐದೂವರೆಗೆ ಒಂದೇ ಸಲ ಹಾರಲಿಲ್ಲ. ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ. ಏಳು ಮೆಟ್ಟಿಲು, ಇಪ್ಪತ್ತೆಂಟು ದಿನ. ಗಡಿಯಾರವೇ ಏಳೆಂಟು ನಿಮಿಷ ಅತ್ತ ಇತ್ತ ಆಗುವುದರಿಂದ ಮೆಟ್ಟಿಲು ಯಾವುದು, ಜಾರಿದ್ದು ಯಾವುದು ಎಂದು ಕೆಲವು ದಿನ ಗೊತ್ತೇ ಆಗಲಿಲ್ಲ, ಅದು ಒಳ್ಳೆಯದೇ ಆಯಿತು ಅನ್ನಿ. ಎದ್ದ ಕೂಡಲೇ ತಲೆ ಮಂಕಾಗಿದ್ದರೆ ಹೆದರಬೇಡಿ. ಹದಿನೈದು ನಿಮಿಷದಿಂದ ಅರ್ಧ ಗಂಟೆ ಹಾಗಿರುವುದು ಸಹಜ, ಅದಕ್ಕೆ ನಿದ್ರಾ ಜಡತೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಮಾತ್ರ ಏನನ್ನೂ ತೀರ್ಮಾನ ಮಾಡಬಾರದು. ಇವತ್ತು ಬೇಡ ನಾಳೆ ಹೋದರಾಯಿತು ಎನ್ನುವ ತೀರ್ಮಾನ ಹುಟ್ಟುವುದೇ ಆಗ. ಅದಕ್ಕೇ ನಾನು ಅಂಗಿ, ಸಾಕ್ಸ್, ಸ್ಕೂಟರ್ ಕೀ ಎಲ್ಲವನ್ನೂ ರಾತ್ರಿಯೇ ಕುರ್ಚಿ ಮೇಲೆ ಇಟ್ಟಿರುತ್ತೇನೆ.

ಅಂಗಡಿಯಲ್ಲಿ ನಮ್ಮ ಜೊತೆ ಒಬ್ಬ ಹುಡುಗ ಇದ್ದಾನೆ, ಜಿಮ್ಮಿಗೆ ಹೋಗುವವನು. "ಐದೂವರೆ ಏನಣ್ಣ, ನಾಲ್ಕಕ್ಕೆ ಏಳಬೇಕು, ಬ್ರಾಹ್ಮೀ ಮುಹೂರ್ತ" ಎಂದು ದಿನಾ ಕೊರೆಯುತ್ತಿದ್ದ. ಒಂದು ದಿನ ಪೆನ್ನು ತೆಗೆದು ಲೆಕ್ಕ ಮಾಡಿ ತೋರಿಸಿದೆ. ಬ್ರಾಹ್ಮೀ ಮುಹೂರ್ತ ಅಂದರೆ ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮುಂಚೆ ಶುರು, 48 ನಿಮಿಷ ಇರುತ್ತದೆ. ಜನವರಿ ಮಧ್ಯದಲ್ಲಿ ದಾವಣಗೆರೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.54ಕ್ಕೆ. ಅಂದರೆ ಮುಹೂರ್ತ 5.18ರಿಂದ 6.06ರವರೆಗೆ. ನಾನು ಏಳುವುದು ಸರಿಯಾಗಿ ಅದರ ಒಳಗೇ, ನೀನು ನಾಲ್ಕಕ್ಕೆ ಎದ್ದು ಒಂದೂಕಾಲು ಗಂಟೆ ಸುಮ್ನೆ ಕಾಯುತ್ತಿದ್ದೀಯ ಎಂದೆ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ನಮ್ಮ ಊರು ಇರುವುದು 76ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಕೈಗಡಿಯಾರ ನಮ್ಮ ಸೂರ್ಯನಿಗಿಂತ ಸುಮಾರು 26 ನಿಮಿಷ ಮುಂದಿದೆ. ಗಡಿಯಾರದಲ್ಲಿ ಐದೂವರೆ ಅಂದರೆ ನಮ್ಮ ಸೂರ್ಯನ ಲೆಕ್ಕದಲ್ಲಿ ಐದು ಗಂಟೆ ನಾಲ್ಕು ನಿಮಿಷ. ಹುಡುಗ ಈಗ ನನ್ನ ಹತ್ತಿರ ಮುಹೂರ್ತದ ಮಾತೆತ್ತುವುದಿಲ್ಲ.

ಈ ಲೆಕ್ಕದಲ್ಲಿ ನನಗೂ ಒಂದು ವಿಷಯ ತಿಳಿಯಿತು. ಜನವರಿಯಲ್ಲಿ ಏಳುವುದು ಯಾಕೆ ಅಷ್ಟು ಕಷ್ಟ ಆಯಿತು ಅಂತ. ಚಳಿ ಒಂದೇ ಅಲ್ಲ, ಒಂದೂಕಾಲು ಗಂಟೆ ಕತ್ತಲು. ದೇಹದೊಳಗೂ ಒಂದು ಗಡಿಯಾರ ಇದೆ. ಅದು ಜೀನ್ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರಕ್ಕೆ ಕೀ ಕೊಡುವುದು ಬೆಳಗಿನ ಬೆಳಕು. ಹಾಗಾಗಿ ನನ್ನ ಗಂಟೆ ಎಷ್ಟು ಬಡಿದರೂ ಒಳಗಿನದು ಇನ್ನೂ ರಾತ್ರಿ ಎಂದೇ ಹೇಳುತ್ತಿರುತ್ತದೆ. ನಾನು ಮಾಡಿದ್ದಿಷ್ಟೇ, ಎದ್ದ ಕೂಡಲೇ ಅಡುಗೆಮನೆಯ ಟ್ಯೂಬ್‌ಲೈಟ್ ಹಾಕಿ ಅದರ ಕೆಳಗೆ ನಿಂತು ನೀರು ಕುಡಿಯುವುದು, ಆಮೇಲೆ ಸೂರ್ಯ ಬರುವವರೆಗೂ ಕೆರೆ ಏರಿ ಬಿಟ್ಟು ಬರದೇ ಇರುವುದು. ಮಾರ್ಚ್ ಬರುತ್ತಿದ್ದಂತೆ ಅರ್ಧ ಕಷ್ಟ ತಾನಾಗಿಯೇ ಕಡಿಮೆಯಾಯಿತು. ಜೂನ್ ಮೊದಲ ವಾರ ಆರು ಗಂಟೆಗೆ ಮುಂಚೆಯೇ ಸೂರ್ಯ ಬಂದಿರುತ್ತಾನೆ. ಹೊಸದಾಗಿ ಶುರು ಮಾಡುವವರು ಹೊಸ ವರ್ಷದ ಪ್ರತಿಜ್ಞೆ ಅಂತ ಜನವರಿ ಒಂದಕ್ಕೆ ಹಿಡಿಯಬೇಡಿ, ಯುಗಾದಿಗೆ ಹಿಡಿಯಿರಿ. ನಮ್ಮ ಹೊಸ ವರ್ಷವೂ ಅದೇ ಅಲ್ವಾ.

ಕುಂದವಾಡ ಕೆರೆ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಊರಿನವರಿಗೆ ಗೊತ್ತು. ಕತ್ತಲಲ್ಲಿ ಹೋದರೆ ಮೊದಲು ಕೇಳುವುದು ಚಪ್ಪಲಿ ಸದ್ದು, ಆಮೇಲೆ ಕೆಮ್ಮು, ಆಮೇಲೆ ರಾಜಕೀಯ. ನೀರಿನ ಮೇಲಿನಿಂದ ಬರುವ ಗಾಳಿಗೆ ಜನವರಿಯಲ್ಲಿ ಕಿವಿ ಕಟ್ಟಿಕೊಳ್ಳಲೇಬೇಕು. ಇಷ್ಟು ಜನ ಇಷ್ಟು ಹೊತ್ತಿಗೆ ಏಳುತ್ತಾರೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಹಾಲಿನ ಗಾಡಿ, ಪೇಪರ್ ಹಂಚುವ ಹುಡುಗರು, ಪೊರಕೆ ಹಿಡಿದ ಪೌರಕಾರ್ಮಿಕ ಹೆಣ್ಣುಮಕ್ಕಳು. ಅವರಲ್ಲಿ ಯಾರೂ ಅಲಾರಾಂ ವಿಮರ್ಶೆ ಬರೆಯುತ್ತ ಕೂತಿಲ್ಲ. ವಾಪಸ್ ಬರುವಾಗ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಕಾವಲಿ ಕಾಯುತ್ತಿರುತ್ತದೆ, ಆ ವಾಸನೆಗೆ ಸ್ಕೂಟರ್ ತಾನೇ ನಿಧಾನವಾಗುತ್ತದೆ. ನಡೆದದ್ದೆಲ್ಲ ಒಂದೇ ತಟ್ಟೆಯಲ್ಲಿ ಹೊರಟುಹೋಗುವ ಅಪಾಯ ಇದೆ. ಭಾನುವಾರ ಒಂದೇ ದಿನ, ಅದೂ ಒಂದೇ ದೋಸೆ ಎಂದು ಹೆಂಡತಿಯ ಹತ್ತಿರ ಒಪ್ಪಂದವಾಗಿದೆ. ಎರಡು ಸಲ ಮುರಿದಿದ್ದೇನೆ. ಮೂರು ತಿಂಗಳ ರಕ್ತ ಪರೀಕ್ಷೆಯಲ್ಲಿ ಅಂಕಿ ಸ್ವಲ್ಪ ಇಳಿದಿದೆ, ಡಾಕ್ಟರು ಮುಂದುವರಿಸಿ ಎಂದರು, ಅಷ್ಟೇ.

ದೂರುಗಳು ಇನ್ನೂ ಇವೆ. ಟಿಕ್ ಟಿಕ್ ಸದ್ದು ಜೋರು. ಹಗುರ ನಿದ್ದೆಯವರಿಗೆ ಇದು ಆಗುವುದೇ ಇಲ್ಲ. ಕೆಳಗೆ ಟವಲ್ ಮಡಿಸಿ ಇಟ್ಟರೆ ಸ್ವಲ್ಪ ಕಡಿಮೆ. ಮುಳ್ಳುಗಳು ಕತ್ತಲಲ್ಲಿ ಕಾಣುವುದಿಲ್ಲ, ಒಂದು ಕಾಲದಲ್ಲಿ ಹಸಿರಾಗಿ ಹೊಳೆಯುತ್ತಿದ್ದವಂತೆ, ಈಗ ಬರೀ ಬಣ್ಣ ಉಳಿದಿದೆ. ಬಸ್ಸಿನಲ್ಲಿ ಬ್ಯಾಗಿನೊಳಗೆ ಒಯ್ಯುವ ಹಾಗಿಲ್ಲ. ಕೀ ಕೊಡಲು ಮರೆತರೆ ಅದು ನೆನಪಿಸುವುದೂ ಇಲ್ಲ, ಸುಮ್ನೆ ನಿಂತುಬಿಡುತ್ತದೆ. ಇನ್ನು ಮನೆಯಲ್ಲಿ ಒಬ್ಬರು ಏಳಲು ನಾಲ್ವರು ಏಳಬೇಕು. ಹೆಂಡತಿ ಏಳುವುದು ಆರಕ್ಕೆ. ಆ ಅರ್ಧ ಗಂಟೆಗಾಗಿ ಡಿಸೆಂಬರಿನಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ಟೈಂಪೀಸು ಕೋಣೆಯಿಂದ ನಡುಮನೆಗೆ ಬಂತು, ಟಿವಿ ಪಕ್ಕಕ್ಕೆ. ಒಂದು ರೀತಿ ಒಳ್ಳೆಯದೇ, ಎದ್ದು ಹನ್ನೆರಡು ಹೆಜ್ಜೆ ನಡೆದರೆ ಮಾತ್ರ ನಿಲ್ಲಿಸಲು ಆಗುವುದು.

ನಡುಮನೆಗೆ ಬಂದಮೇಲೆ ಹೊಸ ತೊಂದರೆ. ಫೆಬ್ರವರಿಯಲ್ಲಿ ಮೂರು ದಿನ ಸತತವಾಗಿ ಗಂಟೆ ಹೊಡೆಯಲೇ ಇಲ್ಲ. ಮಗ ಕೀ ಸರಿಯಾಗಿ ಕೊಟ್ಟಿಲ್ಲ ಎಂದು ಅವನನ್ನು ಗದರಿದೆ, ಅವನು ಅತ್ತ. ಸ್ಪ್ರಿಂಗ್ ಹೋಯಿತೆಂದು ಪೇಪರಿನಲ್ಲಿ ಸುತ್ತಿ ಅಶೋಕ ರಸ್ತೆಗೆ ಒಯ್ದೆ. ಯಜಮಾನರು ನಾಲ್ಕು ಸಲ ಹೊಡೆಸಿ ನೋಡಿ, "ಇದಕ್ಕೇನೂ ಆಗಿಲ್ಲ ಸರ್, ಮನ್ಯಾಗೆ ಯಾರಾರ ಗುಂಡಿ ಒತ್ತತಾರೇನು ನೋಡ್ರಿ" ಎಂದರು. ಮರುದಿನ ಐದೂಕಾಲಿಗೆ ನೀರು ಕುಡಿಯಲು ಎದ್ದವನ ಕಣ್ಣಿಗೆ ಬಿತ್ತು. ನಡುಮನೆಯಲ್ಲಿ ಮಲಗುವ ಅವ್ವ ಯಾವ ಅಲಾರಾಮೂ ಇಲ್ಲದೆ ಐದಕ್ಕೆ ಎದ್ದಿರುತ್ತಾಳೆ, ಎದ್ದವಳು ಸೀದಾ ಹೋಗಿ ಟೈಂಪೀಸಿನ ಗುಂಡಿ ಒತ್ತಿಬಿಡುತ್ತಾಳೆ. ಯಾಕವ್ವಾ ಅಂದರೆ, "ರಾತ್ರಿ ತನಕ ದುಡಿದು ಬಂದಿರ್ತಿ, ಇನ್ನೊಂದೀಟು ಮಕ್ಕೊಳ್ಳಲಿ ಅಂತ ಕಣಪ್ಪ."

ಮಗನಿಗೆ ಒಂದು ಐಸ್‌ಕ್ರೀಮ್ ಕೊಡಿಸಿ ರಾಜಿಯಾದೆ. ಟೈಂಪೀಸನ್ನು ಬೀರುವಿನ ಮೇಲೆ ಹಿಂದಕ್ಕೆ ತಳ್ಳಿ ಇಟ್ಟೆ, ಅವ್ವನ ಕೈಗೆ ಎಟುಕದ ಹಾಗೆ. ಕೀ ಕೊಡಲು ಮಗನನ್ನು ಎತ್ತಿ ಹಿಡಿಯಬೇಕು, ಅವನಿಗೆ ಅದೂ ಖುಷಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಟಿಕ್ ಟಿಕ್ ಸದ್ದಿಗೆ ಒಂದು ಕಳೆದೆ, ನಿಖರತೆಗೆ ಅರ್ಧ. ಯಜಮಾನರ ಹತ್ತಿರ ಇಂಥದ್ದು ಇನ್ನೂ ಎರಡೋ ಮೂರೋ ಇದ್ದವು, ಬೇಕಾದವರು ಸಂಜೆ ಆರರೊಳಗೆ ಹೋಗಿ, ಆಮೇಲೆ ಅವರಿಗೆ ಸಣ್ಣ ಸಾಮಾನು ಕಣ್ಣಿಗೆ ಕಾಣುವುದಿಲ್ಲವಂತೆ, ಬಾಗಿಲು ಹಾಕುತ್ತಾರೆ. ಇವತ್ತು ಬೆಳಿಗ್ಗೆ ಮತ್ತೆ ಗಂಟೆ ಹೊಡೆಯಲಿಲ್ಲ. ಎದ್ದು ನೋಡಿದರೆ ಬೀರುವಿನ ಪಕ್ಕ ಅಡುಗೆಮನೆಯ ಸ್ಟೂಲು ಇತ್ತು.